ತೆರೆದದ್ದು ಸರಿ, ಯಾವುದಕ್ಕೆ ತೆರೆದದ್ದು?

ಹುಬ್ಬಳ್ಳಿಯ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ “ವೈಂಡಿಂಗ್ ಓಪನ್ ಆಗೈತ್ರಿ” ಅಂದರೆ ತಂತಿ ಎಲ್ಲೋ ಹರಿದಿದೆ, ಕರೆಂಟು ಹರಿಯುತ್ತಿಲ್ಲ ಎಂದರ್ಥ. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಚೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ತರಗತಿಯಲ್ಲಿ ‘ಓಪನ್ ಸಿಸ್ಟಮ್’ ಅಂದರೆ ವಸ್ತುವೂ ಶಕ್ತಿಯೂ ಗಡಿ ದಾಟಿ ಹರಿಯುತ್ತಿವೆ ಎಂದರ್ಥ. ಹರಿವು ನಿಂತದ್ದಕ್ಕೂ ಅದೇ ಪದ, ಹರಿವು ಇರುವುದಕ್ಕೂ ಅದೇ ಪದ. (ನಮ್ಮ ‘ಹರಿ’ ಧಾತುವಿಗೂ ಇದೇ ಇಬ್ಬಗೆ ಇದೆ ಎನ್ನುವುದು ಬೇರೆ ಮಾತು.) ಸಾಫ್ಟ್‌ವೇರ್ ಕಚೇರಿಗೆ ಹೋದರೆ ಓಪನ್ ಅಂದರೆ ನಿಯಮಗಳು ಎಲ್ಲರಿಗೂ ಸಿಗುವಂತಿವೆ ಎಂದು. ಅರ್ಥಶಾಸ್ತ್ರದವರಿಗೆ ಆಮದು-ರಫ್ತು ಇದೆ ಎಂದು. ಮ್ಯಾನೇಜ್‌ಮೆಂಟ್ ಪಾಠದಲ್ಲಿ ಸಂಸ್ಥೆ ಹೊರಗಿನ ಮಾತಿಗೆ ಕಿವಿ ಕೊಡುತ್ತದೆ ಎಂದು.

ಈ ಗೊಂದಲಕ್ಕೆ ಕಾರಣ ಒಂದೇ: ‘ತೆರೆದದ್ದು’ ಎನ್ನುವುದನ್ನು ಎಲ್ಲರೂ ವಸ್ತುವಿನ ಗುಣ ಎಂದುಕೊಳ್ಳುತ್ತಾರೆ. ಅದು ಒಡ್ಡಿನ ಗುಣ. ಹೊಲಕ್ಕೆ ಒಡ್ಡು ಹಾಕಿದ ಮೇಲೆ ತಾನೇ ನೀರು ಒಳಗೆ ಬಂತೋ ಹೊರಗೆ ಹೋಯಿತೋ ಎಂಬ ಪ್ರಶ್ನೆ ಹುಟ್ಟುವುದು? ಒಡ್ಡು ಎಲ್ಲಿ, ಅದನ್ನು ದಾಟುವುದು ಏನು, ಎಷ್ಟು ಹೊತ್ತಿನ ಲೆಕ್ಕ. ಈ ಮೂರನ್ನು ಹೇಳದೆ ಒಂದು ವ್ಯವಸ್ಥೆಯನ್ನು ತೆರೆದದ್ದು, ಮುಚ್ಚಿದ್ದು ಎಂದು ಕರೆದರೆ ಆ ಮಾತಿಗೆ ತೂಕವಿಲ್ಲ.

ಧಾರವಾಡದಲ್ಲಿ ಇದ್ದುಕೊಂಡು ಖೋವಾದಿಂದ ಶುರುಮಾಡದಿದ್ದರೆ ತಪ್ಪಾಗುತ್ತದೆ. ಲೈನ್ ಬಜಾರಿನ ಪೇಢೆಯ ಹಿಂದಿರುವುದು ಬಾಯಿ ತೆರೆದ ಕಡಾಯಿ, ಪಠ್ಯಪುಸ್ತಕಕ್ಕೆ ಹೇಳಿ ಮಾಡಿಸಿದಂಥ ತೆರೆದ ವ್ಯವಸ್ಥೆ. 10 ಕೆಜಿ ಎಮ್ಮೆ ಹಾಲು ತೆಗೆದುಕೊಳ್ಳಿ. ಕೊಬ್ಬು 6.5, ಉಳಿದ ಘನಾಂಶ 9, ಒಟ್ಟು ಶೇ 15.5 ಘನಾಂಶ ಎಂದಿಟ್ಟುಕೊಂಡರೆ ಅದರಲ್ಲಿ 1.55 ಕೆಜಿ ಘನವಸ್ತು ಇದೆ. ಖೋವಾದಲ್ಲಿ ಶೇ 30 ತೇವ ಉಳಿಯಬೇಕು ಎಂದಾದರೆ, 1.55 ಅನ್ನು 0.70ರಿಂದ ಭಾಗಿಸಿ: 2.21 ಕೆಜಿ ಖೋವಾ. ಮಿಕ್ಕ 7.79 ಕೆಜಿ ನೀರು ಆವಿಯಾಗಿ ಹೋಗಬೇಕು. 30 ಡಿಗ್ರಿಯ ಹಾಲನ್ನು ಕುದಿಗೆ ತರಲು ಸುಮಾರು 2,650 ಕಿಲೋಜೂಲ್ ಸಾಕು. ಆ ನೀರನ್ನು ಆವಿ ಮಾಡಲು ಬೇಕಾಗುವುದು ಸುಮಾರು 17,600. ಅಂದರೆ ಉರಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಲಿನಲ್ಲಿ ಉಳಿಯುವುದೇ ಇಲ್ಲ, ಆವಿಯ ಜೊತೆ ಮಾಡಿನ ಸಂದಿಯಿಂದ ಹೊರಬೀಳುತ್ತದೆ. ಎಲ್‌ಪಿಜಿ ಕೆಜಿಗೆ ಸುಮಾರು 46,000 ಕಿಲೋಜೂಲ್ ಕೊಡುತ್ತದೆ. ಒಲೆಯಿಂದ ಕಡಾಯಿಗೆ ಅದರಲ್ಲಿ ಅರ್ಧ ಮುಟ್ಟಿದರೂ 0.9 ಕೆಜಿ ಗ್ಯಾಸ್ ಬೇಕು.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ನೀರಲ್ಲ, ಘನಾಂಶ. ಕಡಾಯಿ ನೀರಿಗೆ ತೆರೆದಿದೆ, ಶಾಖಕ್ಕೆ ತೆರೆದಿದೆ, ಘನಾಂಶಕ್ಕೆ ಮಾತ್ರ ಮುಚ್ಚಿದೆ. ಹೊರಗೆ ಹೋಗದ ಆ ಒಂದು ಅಂಶವನ್ನು ಹಿಡಿದುಕೊಂಡರೆ ಹೋದದ್ದೆಲ್ಲದರ ಲೆಕ್ಕ ಸಿಗುತ್ತದೆ. ರಾಸಾಯನಿಕ ಎಂಜಿನಿಯರುಗಳು ಸಕ್ಕರೆ ಕಾರ್ಖಾನೆಯಲ್ಲಿ ಮಾಡುವುದೂ ಇದನ್ನೇ. ಲೆಕ್ಕ ತಪ್ಪಿದಾಗ ಇದರ ಬೆಲೆ ತಿಳಿಯುತ್ತದೆ. 2.21ರ ಬದಲು 1.99 ಕೆಜಿ ಬಂತು, ತೇವ ಅಷ್ಟೇ ಇದೆ ಎಂದರೆ, ಹತ್ತರಲ್ಲಿ ಒಂದು ಕೆಜಿ ನೀರೇ ಹಾಲೆಂದು ಬಂದಿತ್ತು ಎಂದು ಅನುಮಾನಿಸಬೇಕು. 9 ಕೆಜಿ ಹಾಲಿನ ಘನಾಂಶ 1.395, ಅದನ್ನು 0.70ರಿಂದ ಭಾಗಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಹಾಲು ಚೊಕ್ಕ ಎಂಬ ಖಾತ್ರಿ ಇದ್ದರೆ ತಳ ಹಿಡಿದದ್ದನ್ನು ಕೆರೆದು ತೂಗಿ ನೋಡಬೇಕು, ಇಲ್ಲವೇ ಉಕ್ಕಿ ಚೆಲ್ಲಿತೇ ಎಂದು ಕೇಳಬೇಕು. 2.58 ಕೆಜಿ ಬಂದರೆ ಖುಷಿಪಡುವ ಹಾಗಿಲ್ಲ, ತೇವ ಶೇ 40ಕ್ಕೆ ನಿಂತಿದೆ. ತಕ್ಕಡಿಗೆ ಚೆಂದ, ಆದರೆ ಬೂಸಲು ಬೇಗ ಬರುತ್ತದೆ.

ಅದೇ ಹಾಲನ್ನು ಕುಕ್ಕರಿನಲ್ಲಿಟ್ಟರೆ? ಸೀಟಿ ಹೊಡೆಯುವವರೆಗೆ ಕುಕ್ಕರ್ ಮುಚ್ಚಿದ ವ್ಯವಸ್ಥೆ: ಶಾಖ ದಾಟುತ್ತದೆ, ವಸ್ತು ದಾಟುವುದಿಲ್ಲ. ಮುಚ್ಚಳದ ಮೇಲಿನ ಸೀಟಿಯ ತೂಕ ಎದ್ದ ಕ್ಷಣ ಅದು ತೆರೆದ ವ್ಯವಸ್ಥೆ. ಸೀಟಿ ನಿಂತ ಮೇಲೆ ಮತ್ತೆ ಮುಚ್ಚಿದ್ದು. ಒಂದು ಅನ್ನಕ್ಕೆ ನಾಲ್ಕು ಸಲ ಜಾತಿ ಬದಲಿಸುತ್ತದೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು ಕುದಿಯುವುದು 97.5 ಡಿಗ್ರಿಯ ಆಸುಪಾಸಿನಲ್ಲಿ. ಸೀಟಿಯ ಆ ತೂಕ ಹೊರಗಿನ ಒತ್ತಡದ ಮೇಲೆ ಚದರ ಸೆಂಟಿಮೀಟರಿಗೆ 1 ಕೆಜಿಯಷ್ಟು ಸೇರಿಸುತ್ತದೆ, ಒಳಗೆ 118-119 ಡಿಗ್ರಿ. ಕಡಲತೀರದ ಅಂಕೋಲಾದಲ್ಲಿ ಅದೇ ಕುಕ್ಕರಿಗೆ 120. ತೆರೆದ ಪಾತ್ರೆ ಎತ್ತರಕ್ಕೆ ಸೋತದ್ದು ಎರಡೂವರೆ ಡಿಗ್ರಿ, ಕುಕ್ಕರ್ ಸೋತದ್ದು ಒಂದೂವರೆ. ಮುಚ್ಚಳ ಬಿಗಿದರೂ ಹೊರಗಿನ ಗಾಳಿಯ ಹಂಗು ತಪ್ಪಲಿಲ್ಲ. ಗ್ಯಾಸ್ಕೆಟ್ ಗಟ್ಟಿಯಾಗಿ ಅಂಚಿನಿಂದ ಪುಸಪುಸ ಅನ್ನತೊಡಗಿದರೆ ಒಳಗಿನ ಒತ್ತಡ ಏರುವುದೇ ಇಲ್ಲ, ಬೇಳೆ ಅರ್ಧಂಬರ್ಧ ಬೇಯುತ್ತದೆ, ತಳ ಹತ್ತುತ್ತದೆ.

ಮೂರನೆಯದು ಪ್ರತ್ಯೇಕಿತ ವ್ಯವಸ್ಥೆ, ವಸ್ತುವೂ ಶಕ್ತಿಯೂ ದಾಟದ್ದು. ಉದಾಹರಣೆಗೆ ಎಲ್ಲರೂ ಥರ್ಮಾಸ್ ಫ್ಲಾಸ್ಕ್ ತೋರಿಸುತ್ತಾರೆ. ಹತ್ತು ನಿಮಿಷದ ಲೆಕ್ಕಕ್ಕೆ ಅದು ಸರಿ. ಬೆಳಿಗ್ಗೆ ತುಂಬಿದ ಚಹಾ ಸಂಜೆಗೆ ಉಗುರುಬೆಚ್ಚಗಾಗುವುದರಿಂದ ಹತ್ತು ತಾಸಿನ ಲೆಕ್ಕಕ್ಕೆ ಅದು ಸರಿಯಲ್ಲ. ಹೊತ್ತು ಹೇಳದೆ ಜಾತಿ ಹೇಳಬಾರದು ಎಂದದ್ದು ಇದಕ್ಕೇ.

ಒಡ್ಡಿನ ಮಾತು ಬಂದದ್ದರಿಂದ ಹೊಲಕ್ಕೇ ಹೋಗೋಣ. ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಕಾಣುವ ಕೃಷಿ ಹೊಂಡ ತೆರೆದ ವ್ಯವಸ್ಥೆಯನ್ನು ಅಳೆದು ನೋಡಲು ಬಹಳ ಒಳ್ಳೆಯ ಜಾಗ. ಮೇಲೆ 15×15 ಮೀಟರ್, ಆಳ 3 ಮೀಟರ್, ಒಂದಕ್ಕೆ ಒಂದರಂತೆ ಇಳಿಜಾರು ಅಂದರೆ ತಳ 9×9. ತುಂಬಿದರೆ 441 ಘನ ಮೀಟರ್, ಅಂದರೆ 4,41,000 ಲೀಟರ್. (15×15×3 ಎಂದು ಗುಣಿಸಿ 6,75,000 ಲೀಟರ್ ಎನ್ನುವವರು ಇಳಿಜಾರನ್ನು ಮರೆತಿದ್ದಾರೆ. ಈ ತಪ್ಪು ಬಹಳ ಸಾಮಾನ್ಯ.) ಒಳಗೆ ಬರುವುದು ಹೊಲದಿಂದ ಹರಿದು ಬರುವ ನೀರು, ನೇರ ಬೀಳುವ ಮಳೆ. ಹೊರಗೆ ಹೋಗುವುದು ಪಂಪು ಎತ್ತಿದ್ದು, ತುಂಬಿ ಕೋಡಿ ಹರಿದದ್ದು, ಆವಿಯಾದದ್ದು, ಇಂಗಿದ್ದು. ಮೊದಲೆರಡು ಕಣ್ಣಿಗೆ ಕಾಣುತ್ತವೆ. ಜಗಳ ಹುಟ್ಟುವುದು ಕೊನೆಯ ಎರಡರಲ್ಲಿ: ಹೊಂಡದ ಮಟ್ಟ ಇಳಿಯುತ್ತಿದೆ, ಬಿಸಿಲು ಕುಡಿಯಿತೋ ನೆಲ ಕುಡಿಯಿತೋ?

ಇದನ್ನು ಬಿಡಿಸಲು ಒಂದು ಬಕೆಟ್ ಸಾಕು. ಬಿಳಿ ಅಥವಾ ತಿಳಿಬಣ್ಣದ 20 ಲೀಟರ್ ಬಕೆಟನ್ನು ಹೊಂಡದ ಅಂಚಿನಲ್ಲಿ, ಇಟ್ಟಿಗೆಗಳ ಮೇಲೆ, ಬಾಯಿ ಮಾತ್ರ ನೀರಿನಿಂದ ನಾಲ್ಕೈದು ಸೆಂಟಿಮೀಟರ್ ಮೇಲಿರುವಂತೆ ಕೂರಿಸಿ. ಒಳಗೆ ಹೊಂಡದ ನೀರನ್ನೇ, ಹೊರಗಿನ ಮಟ್ಟಕ್ಕೆ ಸಮನಾಗಿ ತುಂಬಿ. ಅಲುಗದಂತೆ ಕಲ್ಲು ಹಾಕಿ. ಪಕ್ಕದಲ್ಲೊಂದು ಗೂಟ ನೆಟ್ಟು ಅದರ ಮೇಲೆ ಹೊರಗಿನ ಮಟ್ಟ ಗುರುತಿಸಿ, ಬಕೆಟಿನ ಒಳಗೂ ಗುರುತು ಮಾಡಿ. 24 ತಾಸು ಪಂಪು ಹಚ್ಚಬಾರದು, ಮಳೆ ಬಂದರೆ ಆ ದಿನದ ಲೆಕ್ಕ ಬಿಡಬೇಕು. ಮರುದಿನ ಅದೇ ಹೊತ್ತಿಗೆ ಎರಡೂ ಇಳಿಕೆ ಅಳೆಯಿರಿ. ಬಕೆಟಿನ ತಳ ಸೋರುವುದಿಲ್ಲ, ಆದ್ದರಿಂದ ಅದರಲ್ಲಿ ಇಳಿದದ್ದು ಬಿಸಿಲು-ಗಾಳಿಯ ಪಾಲು ಮಾತ್ರ. ಹೊಂಡ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಆ ಹೆಚ್ಚಿನದು ನೆಲದ ಪಾಲು. ಬಕೆಟ್ 6 ಮಿ.ಮೀ., ಹೊಂಡ 14 ಮಿ.ಮೀ. ಇಳಿದಿದೆ, ಆ ಹೊತ್ತಿಗೆ ನೀರಿನ ಮೇಲ್ಮೈ 14×14 ಮೀಟರ್ ಎಂದುಕೊಳ್ಳಿ. ಆವಿ ದಿನಕ್ಕೆ 1,176 ಲೀಟರ್, ಇಂಗುವುದು 1,568 ಲೀಟರ್. ತಿಂಗಳಿಗೆ ಇಂಗುವುದೇ 47 ಸಾವಿರ. ಇಂಥ ಹೊಂಡದ ಮೇಲೆ ನೆರಳು ಬಲೆ ಕಟ್ಟುವುದಕ್ಕಿಂತ ತಳಕ್ಕೆ 500 ಮೈಕ್ರಾನಿನ ಪ್ಲಾಸ್ಟಿಕ್ ಹಾಸುವುದು ಮೊದಲ ಕೆಲಸ.

ಈ ಅಳತೆ ಕೆಡುವ ದಾರಿಗಳೂ ಇವೆ. ಕಪ್ಪು ಬಕೆಟ್ ಆದರೆ ಒಳಗಿನ ನೀರು ಹೊಂಡಕ್ಕಿಂತ ಹೆಚ್ಚು ಕಾದು ಆವಿ ಹೆಚ್ಚು ತೋರಿಸುತ್ತದೆ. ಗಾಳಿಗೆ ತೆರೆ ಎದ್ದು ಬಕೆಟಿಗೆ ನೀರು ಸಿಡಿದರೆ ಆವಿ ಕಡಿಮೆ ತೋರಿಸುತ್ತದೆ. ಆಡು, ನಾಯಿ, ಕಾಗೆ ಕುಡಿದರೆ ಹೇಳುವುದೇ ಬೇಡ. ಎರಡು-ಮೂರು ಮಿಲಿಮೀಟರ್ ವ್ಯತ್ಯಾಸವನ್ನು ಒಂದೇ ದಿನದ ಓದಿನ ಮೇಲೆ ನಂಬಬೇಡಿ, ಐದು ದಿನ ಅಳೆದು ಸರಾಸರಿ ತೆಗೆಯಿರಿ. ಎರೆಮಣ್ಣಿನ ಹೊಂಡ ಒಣಗಿ ಬಿರುಕು ಬಿಟ್ಟಿದ್ದರೆ ಮೊದಲ ನೀರು ಬಿದ್ದ ಕೆಲವು ದಿನ ಸಿಕ್ಕಾಪಟ್ಟೆ ಇಂಗುತ್ತದೆ, ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಇಂಗುವುದು ಕಡಿಮೆಯಾಗುತ್ತದೆ. ಆ ಮೊದಲ ವಾರದ ಅಳತೆ ನೋಡಿ ಇಡೀ ಹಂಗಾಮಿಗೆ ತೀರ್ಪು ಕೊಡುವುದು ತಪ್ಪು.

ಈಗ ಒಡ್ಡನ್ನು ಸರಿಸಿ ನೋಡಿ. ಹೊಂಡದ ಸುತ್ತ ಗೆರೆ ಎಳೆದರೆ ಆ 1,568 ಲೀಟರ್ ನಷ್ಟ. ಗೆರೆಯನ್ನು ಹಿಗ್ಗಿಸಿ ಕೆಳಗಿನ ಬಾವಿ, ಬೋರ್‌ವೆಲ್ ಒಳಗೆ ಬರುವಂತೆ ಎಳೆದರೆ ಅದು ನಷ್ಟವಲ್ಲ, ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದ ದುಡ್ಡು. ಜಿನುಗು ಕೆರೆ ಕಟ್ಟುವವರು ಇಂಗಲಿ ಎಂದೇ ಕಟ್ಟುತ್ತಾರೆ, ಹೊಂಡ ತೋಡುವವರು ಇಂಗದಿರಲಿ ಎಂದು ಪ್ಲಾಸ್ಟಿಕ್ ಹಾಸುತ್ತಾರೆ. ಇಬ್ಬರೂ ಸರಿ, ಒಡ್ಡು ಬೇರೆ. ಜಲ ಸಂರಕ್ಷಣೆಯ ಸಭೆಗಳಲ್ಲಿ ನಡೆಯುವ ಅರ್ಧಕ್ಕರ್ಧ ವಾದ ಈ ಒಂದು ಗೆರೆಯ ಬಗ್ಗೆ, ಅದನ್ನು ಯಾರೂ ಬೋರ್ಡಿನ ಮೇಲೆ ಬರೆಯದೇ ಇರುವುದರಿಂದ.

ಆವಿಯ ಜೊತೆ ಹೋಗದೆ ಉಳಿಯುವುದರ ಕಥೆ ಖೋವಾದಲ್ಲಿ ಲಾಭ, ಕೂಲರಿನಲ್ಲಿ ಶಾಪ. ಗದಗದ ಸವಳು ನೀರನ್ನು ಏರ್ ಕೂಲರಿಗೆ ಹಾಕುವವರಿಗೆ ಇದು ಗೊತ್ತು: ಎರಡು ಬೇಸಿಗೆಗೆ ಹುಲ್ಲಿನ ಪ್ಯಾಡು ಸುಣ್ಣದ ಹಲಗೆಯಾಗುತ್ತದೆ. ಬೋರಿನ ನೀರಿನಲ್ಲಿ ಲೀಟರಿಗೆ 800 ಮಿಲಿಗ್ರಾಂ ಲವಣ, ಕೂಲರ್ ದಿನಕ್ಕೆ 40 ಲೀಟರ್ ಆವಿ ಮಾಡುತ್ತದೆ, ತೊಟ್ಟಿ 50 ಲೀಟರಿನದು ಎನ್ನೋಣ. ಬರೀ ತುಂಬುತ್ತ ಹೋದರೆ ದಿನಕ್ಕೆ 32 ಗ್ರಾಂ ಲವಣ ಒಳಗೆ ಬರುತ್ತದೆ, ಒಂದು ಗ್ರಾಮೂ ಹೊರಗೆ ಹೋಗುವುದಿಲ್ಲ. ಹತ್ತು ದಿನಕ್ಕೆ ಮೊದಲಿನದೂ ಸೇರಿ 360 ಗ್ರಾಂ. ಔಷಧಿ ಏನೂ ಬೇಡ, ಲವಣಕ್ಕೊಂದು ಬಾಗಿಲು ತೆರೆಯಬೇಕು ಅಷ್ಟೇ. ತೊಟ್ಟಿಯ ಲವಣ ಮೂರು ಪಟ್ಟಿಗಿಂತ ಏರಬಾರದು ಎಂದಾದರೆ, ಆವಿಯಾದದ್ದನ್ನು (3−1)ರಿಂದ ಭಾಗಿಸಿ: ದಿನಕ್ಕೆ 20 ಲೀಟರ್ ತೊಟ್ಟಿಯ ನೀರನ್ನು ಹೊರಗೆ ಬಿಡಬೇಕು. ಒಳಗೆ 60 ಲೀಟರಿನಲ್ಲಿ 48 ಗ್ರಾಂ ಬಂತು, ಹೊರಗೆ 20 ಲೀಟರಿನಲ್ಲಿ 48 ಗ್ರಾಂ ಹೋಯಿತು. ಆ ನೀರು ಪಾತ್ರೆ ತೊಳೆಯಲು, ಅಂಗಳಕ್ಕೆ ಚಿಮುಕಿಸಲು ಆಗುತ್ತದೆ, ಗಿಡಕ್ಕೆ ಬೇಡ. ನಮ್ಮ ಮೂತ್ರಪಿಂಡ ಮಾಡುವುದೂ ಇದೇ ಕೆಲಸ. ಬೆವರು, ಉಸಿರಿನಲ್ಲಿ ನೀರು ಎಷ್ಟೇ ಹೋಗಲಿ, ಕರಗಿದ ಕಸ ಹೊರಹಾಕಲು ದಿನಕ್ಕೆ ಕನಿಷ್ಠ ಅರ್ಧ ಲೀಟರ್ ಮೂತ್ರ ಬೇಕೇ ಬೇಕು.

ಜೀವಶಾಸ್ತ್ರಕ್ಕೆ ತೆರೆದ ವ್ಯವಸ್ಥೆಯ ಮಾತನ್ನು ಗಟ್ಟಿಯಾಗಿ ತಂದವರು ವಿಯೆನ್ನಾ ಬಳಿ 1901ರಲ್ಲಿ ಹುಟ್ಟಿದ ಲುಡ್ವಿಗ್ ಫಾನ್ ಬೆರ್ಟಲಾನ್ಫಿ. ಅವರ ಮುಖ್ಯ ಮಾತು: ಜೀವಿ ಬದಲಾಗದಂತೆ ಕಂಡರೂ ಅದು ಸಮತೋಲದಲ್ಲಿಲ್ಲ, ಹರಿವಿನ ನಡುವೆ ಸ್ಥಿರವಾಗಿದೆ. ಜರ್ಮನ್‌ನಲ್ಲಿ ಅವರು ಬಳಸಿದ ಪದದ ಅರ್ಥವೇ ‘ಹರಿಯುವ ಸಮತೋಲ’. ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಒಂದು ಬ್ಯಾರಲ್ಲಿನಲ್ಲಿ ನೋಡುವುದು ಮೇಲು.

200 ಲೀಟರಿನ ಬ್ಯಾರಲ್, ಎತ್ತರ 88 ಸೆಂ.ಮೀ. ತಳದ ಹತ್ತಿರ 12 ಮಿ.ಮೀ. ತೂತು, ಮೇಲೊಂದು ನಳ. ನಳ ನಿಮಿಷಕ್ಕೆ 9 ಲೀಟರ್ ಬಿಟ್ಟರೆ ನೀರು ತೂತಿನಿಂದ 25 ಸೆಂ.ಮೀ. ಮೇಲೆ ಬಂದು ನಿಲ್ಲುತ್ತದೆ. ನಿಂತಿರುವುದು ಮಟ್ಟ, ನೀರಲ್ಲ. ಖಾಲಿ ಬ್ಯಾರಲ್ಲಿನಿಂದ ಶುರುಮಾಡಿ, ತುಂಬಿದ ಬ್ಯಾರಲ್ಲಿನಿಂದ ಶುರುಮಾಡಿ, ಕೊನೆಗೆ ಸೇರುವುದು ಆ 25ಕ್ಕೇ. ಎಲ್ಲಿಂದ ಹೊರಟರೂ ಒಂದೇ ಊರಿಗೆ ಬರುವ ಈ ಗುಣವನ್ನು ಬೆರ್ಟಲಾನ್ಫಿ ಜೀವಿಗಳಲ್ಲಿ ಕಂಡು ಎತ್ತಿ ತೋರಿಸಿದ್ದು. ಮುಚ್ಚಿದ ಬ್ಯಾರಲ್ಲಿಗೆ ಇದು ಬರುವುದಿಲ್ಲ, ಅಲ್ಲಿ ಮೊದಲು ಎಷ್ಟಿತ್ತೋ ಕೊನೆಗೂ ಅಷ್ಟೇ.

ನಳವನ್ನು ಎರಡು ಪಟ್ಟು, 18 ಲೀಟರಿಗೆ ತಿರುಗಿಸಿ. ಮಟ್ಟ 50ಕ್ಕೆ ಬಂದೀತು ಎಂದು ಹೆಚ್ಚಿನವರು ಹೇಳುತ್ತಾರೆ. ತೂತಿನಿಂದ ನೀರು ಹೊರಬೀಳುವ ವೇಗ ಎತ್ತರದ ವರ್ಗಮೂಲದಂತೆ ಏರುವುದರಿಂದ ಎರಡು ಪಟ್ಟು ಹೊರಹರಿವಿಗೆ ನಾಲ್ಕು ಪಟ್ಟು ಎತ್ತರ ಬೇಕು, ಅಂದರೆ 1 ಮೀಟರ್. ಬ್ಯಾರಲ್ ಇರುವುದೇ 88. ಚೆಲ್ಲುತ್ತದೆ. ಇನ್ನೊಂದು ಎಡವಟ್ಟು ಹೊತ್ತಿನದು. 9 ಲೀಟರಿನ ಲೆಕ್ಕದಲ್ಲಿ ಮಟ್ಟ ನೆಲೆಗೊಳ್ಳಲು ಹತ್ತಿರಹತ್ತಿರ ಒಂದು ತಾಸು ಹಿಡಿಯುತ್ತದೆ. ಐದು ನಿಮಿಷ ನೋಡಿ “ಏರುತ್ತಲೇ ಇದೆ” ಎಂದು ಎದ್ದು ಹೋದವರಿಗೆ ಸ್ಥಿರತೆ ಕಾಣುವುದಿಲ್ಲ. ತೂತು ಕೊರೆದಾಗ ಅಂಚು ಚೂಪಾಗಿರಬೇಕು, ಅಲ್ಲೊಂದು ಕೊಳವೆ ತುಂಡು ಸಿಕ್ಕಿಸಿದರೆ ಹೊರಹರಿವು ಬದಲಾಗಿ 25ರ ಅಂಕಿ ಹೊಂದುವುದಿಲ್ಲ.

ಜೀವ ವಿಕಾಸವಾಗುವುದು ಉಷ್ಣಗತಿಶಾಸ್ತ್ರದ ಎರಡನೇ ನಿಯಮಕ್ಕೆ ವಿರುದ್ಧ ಎಂಬ ವಾದ ಆಗಾಗ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಇಳಿಯಲಾರದು ಎಂಬ ಷರತ್ತು ಇರುವುದು ಪ್ರತ್ಯೇಕಿತ ವ್ಯವಸ್ಥೆಗೆ. ಭೂಮಿ ಬಿಸಿಲನ್ನು ತೆಗೆದುಕೊಂಡು ಅಷ್ಟೇ ಶಕ್ತಿಯನ್ನು ಕಡಿಮೆ ಉಷ್ಣತೆಯ ಅವಗೆಂಪು ವಿಕಿರಣವಾಗಿ ಹೊರಹಾಕುತ್ತದೆ, ಎಂಟ್ರೊಪಿಯ ಕಸ ಅದರೊಂದಿಗೇ ಹೊರಗೆ ಹೋಗುತ್ತದೆ. ಜೀವಿ ಇದೇ ವ್ಯಾಪಾರದ ಮೇಲೆ ಬದುಕಿದೆ ಎಂದು ಭೌತವಿಜ್ಞಾನಿ ಶ್ರೋಡಿಂಗರ್ 1944ರಲ್ಲಿ ಬರೆದರು. ಹರಿವಿನ ನಡುವೆ ರಚನೆ ತಾನಾಗಿ ಹುಟ್ಟುವ ಬಗೆಯ ಕೆಲಸಕ್ಕೆ ಪ್ರಿಗೊಜಿನ್ 1977ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಆದರೆ ‘ತೆರೆದಿದೆ, ಆದ್ದರಿಂದ ಸಂಘಟನೆ ಹುಟ್ಟುತ್ತದೆ’ ಎನ್ನುವವರೂ ಅರ್ಧ ದಾರಿಯಲ್ಲೇ ನಿಂತಿದ್ದಾರೆ. ಬಿಸಿಲಿಗೆ ಬಿದ್ದ ಸತ್ತ ಕೊರಡೂ ತೆರೆದ ವ್ಯವಸ್ಥೆಯೇ. ಬಾಗಿಲು ತೆರೆದಿದ್ದರೆ ಸಾಲದು, ಬಂದ ಶಕ್ತಿಯನ್ನು ಕೆಲಸಕ್ಕೆ ಹಚ್ಚುವ ಯಂತ್ರ ಒಳಗಿರಬೇಕು.

ಸಮಾಜ ವಿಜ್ಞಾನದಲ್ಲಿ ಪದ ಸ್ವಲ್ಪ ಹೊರಳುತ್ತದೆ. ತತ್ತ್ವಶಾಸ್ತ್ರಜ್ಞ ರಾಯ್ ಭಾಸ್ಕರ್ 1975ರಲ್ಲಿ ಮಂಡಿಸಿದ ವಾದದಲ್ಲಿ, ‘ಇದಾದರೆ ಅದು’ ಎಂಬ ನಿಯಮ ತಪ್ಪದೆ ಕಾಣಿಸಿಕೊಳ್ಳುವುದು ಪ್ರಯೋಗಾಲಯದಲ್ಲಿ ಹೊರಗಿನದನ್ನೆಲ್ಲ ಕಡಿದು ಮುಚ್ಚಿದ ವ್ಯವಸ್ಥೆಯಲ್ಲಿ ಮಾತ್ರ. ಹೊರಗೆ, ತೆರೆದ ಲೋಕದಲ್ಲಿ, ಕಾರಣ ಕೆಲಸ ಮಾಡುತ್ತಲೇ ಇದ್ದರೂ ಫಲ ಕಾಣದೆ ಹೋಗಬಹುದು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಪೇಟೆ ಇದಕ್ಕೆ ಕನ್ನಡಿ. ಹಾವೇರಿಯಲ್ಲಿ ಬೆಳೆ ಕಡಿಮೆ ಆದರೆ ದರ ಏರಬೇಕು, ಇದು ಮುಚ್ಚಿದ ಲೆಕ್ಕ. ಆದರೆ ಆ ಪೇಟೆಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದಲೂ ಚೀಲ ಬರುತ್ತವೆ, ಶೈತ್ಯಾಗಾರದಲ್ಲಿ ಕಳೆದ ವರ್ಷದ ಮಾಲು ಕೂತಿರುತ್ತದೆ, ಬಣ್ಣದ ಓಲಿಯೋರೆಸಿನ್ (ಕಾಯಿಯ ಸಾರ) ತೆಗೆಯುವ ಕಾರ್ಖಾನೆಗಳ ಬೇಡಿಕೆ ವಿದೇಶದ ಆರ್ಡರಿನ ಮೇಲೆ ನಿಂತಿರುತ್ತದೆ. ಕೊರತೆ ದರ ಏರಿಸುವ ಬಲ ಸುಳ್ಳಲ್ಲ, ಬೇರೆ ಬಲಗಳು ಅದನ್ನು ಅಳಿಸಿಹಾಕಿವೆ. ಇಲ್ಲೂ ಕಡಾಯಿಯ ಲೆಕ್ಕ ಬೆನ್ನು ಬಿಡುವುದಿಲ್ಲ: ಶೇ 10 ತೇವದ 100 ಕೆಜಿ ಕಾಯಿಯಲ್ಲಿ 90 ಕೆಜಿ ಒಣಭಾಗ ಇದೆ. ತೇವ 14ಕ್ಕೆ ಏರಿದರೆ ಅದೇ ಕಾಯಿ 104.65 ಕೆಜಿ ತೂಗುತ್ತದೆ. ನಾಲ್ಕೂವರೆ ಕೆಜಿ ನೀರಿಗೆ ಮೆಣಸಿನಕಾಯಿ ದರ, ಮೇಲೆ ಬೂಸಲಿನ ಭಯ.

ಸಂಸ್ಥೆಗಳನ್ನು ತೆರೆದ ವ್ಯವಸ್ಥೆ ಎಂದು ನೋಡುವ ಕ್ರಮವನ್ನು 1966ರಲ್ಲಿ ಮನೋವಿಜ್ಞಾನಿಗಳಾದ ಕಾಟ್ಜ್ ಮತ್ತು ಕಾನ್ ನೆಲೆಗೊಳಿಸಿದರು. ಅವರ ಒಳಸುರಿ, ಹೊರಸುರಿ, ಮರುಮಾಹಿತಿಯ ಚೌಕಟ್ಟು ಒಳ್ಳೆಯದೇ. ಅದು ಸ್ಲೈಡಿನಿಂದ ಸ್ಲೈಡಿಗೆ ಹಾರಿ ‘ಮನಸ್ಸು ತೆರೆದಿಡಿ’ ಎಂಬಲ್ಲಿಗೆ ಬಂದು ನಿಂತಿದೆ, ಅಲ್ಲಿ ಅಳೆಯುವಂಥದ್ದು ಏನೂ ಉಳಿದಿಲ್ಲ. ಗಣಿತದವರ ತೆರೆದ ಗಣಕ್ಕೂ ಇದ್ಯಾವುದಕ್ಕೂ ನಂಟಿಲ್ಲ. ಅಲ್ಲಿ ತೆರೆದದ್ದು, ಮುಚ್ಚಿದ್ದು ವಿರುದ್ಧ ಪದಗಳೇ ಅಲ್ಲ, ಒಂದು ಗಣ ಎರಡೂ ಆಗಿರಬಹುದು, ಎರಡೂ ಆಗದೆಯೂ ಇರಬಹುದು.

ನಿಯಂತ್ರಣ ಎಂಜಿನಿಯರಿಂಗಿನ ‘ಓಪನ್ ಲೂಪ್’ ಇನ್ನೊಂದು ಬಗೆ. ಕರೆಂಟು ಬಂದ ಕೂಡಲೇ ಪಂಪು ಹಚ್ಚುವ ಆಟೋ ಸ್ಟಾರ್ಟರ್ ಓಪನ್ ಲೂಪ್, ಬೋರಿನಲ್ಲಿ ನೀರಿದೆಯೋ ಇಲ್ಲವೋ ಅದಕ್ಕೆ ತಿಳಿಯದು. ನೀರಿಲ್ಲದಾಗ ಸಬ್‌ಮರ್ಸಿಬಲ್ ಒಣ ಓಡಿ ಬಿಸಿಯೇರಿ ಸುಡುತ್ತದೆ. ಡ್ರೈ ರನ್ ತಡೆಯುವ ಸಾಧನ ಹಾಕಿದರೆ ಲೂಪ್ ಮುಚ್ಚಿತು, ಅಂದರೆ ಬೋರಿನ ಸುದ್ದಿ ಸ್ಟಾರ್ಟರಿಗೆ ಮುಟ್ಟಿತು. ತಮಾಷೆ ನೋಡಿ, ಇಲ್ಲಿ ‘ಮುಚ್ಚಿದ್ದು’ ಎನ್ನುವುದೇ ಹೊರಗಿನ ಸುದ್ದಿ ಕೇಳುವಂಥದ್ದು.

ಸುಟ್ಟ ಮೋಟಾರು ಅಂಗಡಿಗೆ ಬಂದ ಮೇಲೆ ‘ಓಪನ್’ ಎನ್ನುವುದನ್ನು ಮಲ್ಟಿಮೀಟರ್ ಹೇಳುತ್ತದೆ. ಮೋಟಾರಿನಿಂದ ಬರುವ ಮೂರು ತಂತಿಗಳಲ್ಲಿ ಎರಡೆರಡರ ನಡುವೆ 200 ಓಮ್ ರೇಂಜಿನಲ್ಲಿ ಅಳೆಯಬೇಕು. ಸರಿ ಇದ್ದ ಮೋಟಾರಿನಲ್ಲಿ ಮೂರೂ ಜೋಡಿ 4 ಓಮ್ ತೋರಿಸುತ್ತಿತ್ತು ಎನ್ನಿ. ಸ್ಟಾರ್ ಜೋಡಣೆಯಲ್ಲಿ (ಮೂರೂ ವೈಂಡಿಂಗಿನ ಒಂದೊಂದು ತುದಿ ಒಂದೆಡೆ ಸೇರಿದ್ದು) ಒಂದು ವೈಂಡಿಂಗ್ ಹರಿದರೆ ಒಂದು ಜೋಡಿ 4 ತೋರಿಸುತ್ತದೆ, ಉಳಿದೆರಡರಲ್ಲಿ ಅಳತೆ ಮೀರಿತು ಎಂಬ ಗುರುತು (ಓಎಲ್ ಅಥವಾ ಎಡತುದಿಯ 1) ಮಾತ್ರ ಬರುತ್ತದೆ. ಡೆಲ್ಟಾ (ಮೂರೂ ತುದಿಗೆ ತುದಿ ಸೇರಿ ತ್ರಿಕೋನವಾದದ್ದು) ಆಗಿದ್ದರೆ 12, 6, 6 ಬರುತ್ತದೆ. ಮೂರರಲ್ಲೂ ಅಂಕಿ ಬಂತು, ಸರಿ ಇದೆ ಎಂದು ತಿಳಿಯದವರು ಮೋಟಾರನ್ನು ವಾಪಸು ಇಳಿಸಿಬಿಡುವುದು ಇಲ್ಲೇ. ಅಂಕಿ ಬಂದರೆ ಸಾಲದು, ಮೂರೂ ಸಮ ಇರಬೇಕು.

ಕಂಪ್ಯೂಟರಿನವರ ಓಪನ್ ಸಿಸ್ಟಮ್ ಚಾಲ್ತಿಗೆ ಬಂದದ್ದು 1980ರ ದಶಕದಲ್ಲಿ, ಒಂದು ಕಂಪನಿಯ ಯಂತ್ರ ಇನ್ನೊಂದರೊಡನೆ ಮಾತಾಡದಿದ್ದ ಕಾಲದಲ್ಲಿ. 1984ರ ಐಎಸ್‌ಒ ಏಳು ಪದರಗಳ ಜಾಲ ಮಾದರಿಯ ಹೆಸರಿನಲ್ಲೇ ‘ಓಪನ್ ಸಿಸ್ಟಮ್ಸ್’ ಇದೆ. 1988ರಲ್ಲಿ ಪಾಸಿಕ್ಸ್, ಅಂದರೆ ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಮ್‌ಗಳಿಗೆ ಸಮಾನ ಮಾನದಂಡ, ಬಂತು. ಇಲ್ಲಿ ತೆರೆದದ್ದು ಕೂಡುಗೆಯ ನಿಯಮ ಮಾತ್ರ, ಒಳಗಿನ ಕೋಡ್ ಅಲ್ಲ. ಅಂದಿನ ಎಷ್ಟೋ ಯುನಿಕ್ಸ್‌ಗಳು ಕೋಡನ್ನು ಕೀಲಿ ಹಾಕಿಟ್ಟುಕೊಂಡೇ ಓಪನ್ ಎನಿಸಿಕೊಂಡವು. ‘ಓಪನ್ ಸೋರ್ಸ್’ ಎಂಬ ಹೆಸರು ಚಾಲ್ತಿಗೆ ಬಂದದ್ದು 1998ರಲ್ಲಿ. ಕನ್ನಡದಲ್ಲಿ ನಮಗೊಂದು ಅನುಕೂಲವಿದೆ: ಹರಿವಿಗೆ ‘ತೆರೆದ’, ಅನುಮತಿಗೆ ‘ಮುಕ್ತ’ ಎಂದು ಬೇರೆಬೇರೆ ಪದ ಇಡಬಹುದು. ‘ಮುಕ್ತ ತಂತ್ರಾಂಶ’ ಸರಿ, ‘ಮುಕ್ತ ಕಡಾಯಿ’ ನಗೆಪಾಟಲು. ಎರಡಕ್ಕೂ ‘ಮುಕ್ತ ವ್ಯವಸ್ಥೆ’ ಎಂದು ಬರೆಯುವುದು ಇಂಗ್ಲಿಷಿನ ಗೊಂದಲವನ್ನು ಕೈಯಾರೆ ಒಳಗೆ ಕರೆದಂತೆ.

ಮುಕ್ತವಲ್ಲದ್ದು ಹೇಗಿರುತ್ತದೆ ಎಂಬುದು ಗದಗ-ಬೆಟಗೇರಿಯ ಮುದ್ರಣಾಲಯಗಳವರಿಗೆ ಬಿಡಿಸಿ ಹೇಳಬೇಕಿಲ್ಲ. ಯುನಿಕೋಡಿಗೆ ಮೊದಲಿನ ಕನ್ನಡ ಕಡತಗಳಲ್ಲಿ ಒಳಗಿರುವುದು ರೋಮನ್ ಚಿಹ್ನೆಗಳು, ಮೇಲೆ ಕನ್ನಡದ ಫಾಂಟು ಹೊದಿಸಿದೆ. ಫಾಂಟು ತೆಗೆದರೆ ಗಜಿಬಿಜಿ, ‘ಧಾರವಾಡ’ ಎಂದು ಹುಡುಕಿದರೆ ಏನೂ ಸಿಗದು. ಯುನಿಕೋಡಿನಲ್ಲಿ ಕನ್ನಡಕ್ಕೆ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ ಜಾಗ ಗೊತ್ತುಮಾಡಿದೆ, ಯಾವ ಫಾಂಟು ಹಾಕಿದರೂ ‘ಕ’ ‘ಕ’ವೇ. ಹಳೆಯದನ್ನು ಪರಿವರ್ತಿಸಲು ಸಲಕರಣೆಗಳಿವೆ, ಆದರೆ ಪರಿವರ್ತಿಸಿದ ಮೇಲೆ ಕೆಲವು ಜಾಗ ಕಣ್ಣಿಟ್ಟು ನೋಡಬೇಕು. ಅರ್ಕಾವೊತ್ತು ಮೊದಲನೆಯದು. ಹಳೆಯ ಕಡತದಲ್ಲಿ ‘ಧರ್ಮ’ ಕಣ್ಣಿಗೆ ಕಾಣುವ ಕ್ರಮದಲ್ಲಿ ಧ, ಮ, ಅರ್ಕಾವೊತ್ತು ಎಂದಿರುತ್ತದೆ. ಯುನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ ಧ, ರ, ವಿರಾಮ, ಮ ಆಗಬೇಕು. ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿ ‘ಧಮ೯’ ಎಂದು ಕೂರಿಸಿದ ಪುಟಗಳೂ ಇವೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಎಲ್ಲ ೯ ಅನ್ನೂ ಒಟ್ಟಿಗೆ ಬದಲಿಸಿದರೆ ‘೧೯೫೬’ ಹಾಳಾಗುತ್ತದೆ, ಆದ್ದರಿಂದ ಹಿಂದೆ ಅಕ್ಷರವಿದ್ದು ಮುಂದೆ ಅಂಕಿ ಇಲ್ಲದಲ್ಲಿ ಮಾತ್ರ ಬದಲಿಸಬೇಕು. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡ ಗಜಿಬಿಜಿಯಾಗುತ್ತವೆ, ಮೊದಲೇ ಬೇರೆ ಮಾಡಿಡಬೇಕು. ‘ಸಾಫ್ಟ್‌ವೇರ್’ನಂಥ ಪದಗಳ ನಡುವಿನ ಕಾಣದ ಅಕ್ಷರ ಬಿದ್ದುಹೋದರೆ ‘ಸಾಫ್ಟ್ವೇರ್’ ಎಂದು ಒತ್ತಾಗಿ ಕೂರುತ್ತದೆ. ಪುಟಕ್ಕೆ ಐದಾರು ಸಾಲನ್ನು ಅಚ್ಚಾದ ಪ್ರತಿಯ ಜೊತೆ ಹೋಲಿಸಿ, ಎಲ್ಲ ಸರಿಹೋಗುವವರೆಗೆ ಮೂಲ ಕಡತವನ್ನೂ ಅದರ ಫಾಂಟನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟಿರಿ. ಫಾಂಟು ಕಳೆದುಹೋದ ಕಡತದಲ್ಲಿ ಯಾವ ಚಿಹ್ನೆ ಯಾವ ಅಕ್ಷರ ಎಂದು ಕಂಡುಹಿಡಿಯಲು ಅಚ್ಚಾದ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರಕ್ಕೆ ಪಟ್ಟಿ ಮಾಡಬೇಕಾಗುತ್ತದೆ.